ಕುರುಕ್ಷೇತ್ರಕ್ಕೆ ಟಿಕೇಟು

ಯುದ್ಧವನ್ನು ತೋರಿಸಿ ಹಣ ಮಾಡುವುದು ಹೀನ ಕೆಲಸವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ನಮ್ಮ ಕರಾವಳಿಯವರಿಗೆ ಸಲ್ಲದು. ಭಟ್ಕಳ, ಹೊನ್ನಾವರ, ಕುಮಟೆಗಳ ಕೊಯ್ಲಾದ ಗದ್ದೆಗಳಲ್ಲಿ ಡೇರೆ ಹೊಡೆದ ಮೇಳಗಳು ಕರ್ಣಪರ್ವಕ್ಕೂ ಗದಾಯುದ್ಧಕ್ಕೂ ಟಿಕೇಟು ಮಾರಿವೆ. ನಾವು ಕೊಂಡಿದ್ದೇವೆ, ಬೆಳಗಾಗುವ ತನಕ ಕೂತು ನೋಡಿದ್ದೇವೆ. ಅಭಿಮನ್ಯು ಸಾಯುವ ರಾತ್ರಿಯಲ್ಲಿಯೂ ಡೇರೆಯ ಹೊರಗೆ ಚಹಾ, ಸೋಡಾಗಳ ವ್ಯಾಪಾರ ನಿಂತದ್ದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದಾಗ ಅವರ ಕಣ್ಣೆದುರಿಗಿದ್ದುದು ಕಲೆಯೇ ನಿಜ. ಆದರೆ ಕಲಾವಿದನ ಮನೆಯ ಒಲೆಯೂ ಉರಿಯಬೇಕಷ್ಟೆ.

ಕವಿಗಳೇನು ಕಡಿಮೆಯೆ? ರನ್ನನನ್ನೇ ನೋಡಿರಿ. ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ 'ಸಾಹಸಭೀಮವಿಜಯ'ವನ್ನು ಬರೆದ. ಚಾಳುಕ್ಯರ ಆಶ್ರಯದಲ್ಲಿ ಕವಿಚಕ್ರವರ್ತಿಯೆನಿಸಿಕೊಂಡ. ಯುದ್ಧದ ಕಥೆಯಿಂದ ಅವನಷ್ಟು ಮನ್ನಣೆ ಗಳಿಸಿದವರು ವಿರಳ. ಆದರೂ ಆ ಕಾವ್ಯವನ್ನು ಪಾಠ ಹೇಳುವಾಗಲೆಲ್ಲ ನನಗೆ ಸೋಜಿಗವೆನಿಸುವ ಸಂಗತಿಯೊಂದುಂಟು. ಹೊಗಳಬೇಕಾದದ್ದು ಭೀಮನನ್ನು, ಕವಿಯ ಜೀವ ಹೋಗಿ ನಿಂತದ್ದು ದುರ್ಯೋಧನನಲ್ಲಿ. ಸಂಜಯನ ಜೊತೆ ಆತ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಮಗ ಲಕ್ಷಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು, ತನಗೂ ಅಂಥದೇ ಸಾವು ಬರಲೆಂದು ಬಯಸುತ್ತಾನೆ. ಗೆದ್ದ ಪಕ್ಷದ ಅನ್ನವುಂಡ ಕವಿ ಸೋತ ಪಕ್ಷಕ್ಕೆ ಅಳಲು ಇಷ್ಟು ಅವಕಾಶ ಕೊಟ್ಟನಲ್ಲ! ಅವನು ಪಡೆದ ಮನ್ನಣೆಯನ್ನು ನಾವು ಆಕ್ಷೇಪಿಸದಿರುವುದು ಇದಕ್ಕಾಗಿ. ಸಾವಿರ ವರ್ಷ ಕಳೆಯಿತೆಂಬ ಕಾರಣಕ್ಕಲ್ಲ.

ಈಗ 2025ಕ್ಕೆ ಬರೋಣ. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಹತರಾದರು. ನಮ್ಮ ಶಿವಮೊಗ್ಗೆಯವರೊಬ್ಬರೂ ಅವರಲ್ಲಿದ್ದರು. ಮೇ 7ರಂದು 'ಆಪರೇಷನ್ ಸಿಂಧೂರ' ನಡೆಯಿತು. ಆ ಹೆಸರನ್ನು ವ್ಯಾಪಾರಮುದ್ರೆಯಾಗಿ ಪಡೆಯಲು ದೊಡ್ಡ ಉದ್ಯಮವೊಂದರಿಂದ ಅಂದೇ ಅರ್ಜಿ ಹೋಯಿತು, ಮರುದಿನ ಹಿಂದಕ್ಕೆ ಬಂತು. ಹಿಂದಿ ಚಿತ್ರದವರು ಆ ಹೆಸರಿಗಾಗಿ ಸಾಲುಗಟ್ಟಿದರು. ಗಡಿಯಲ್ಲಿ ಗುಂಡಿನ ಸದ್ದು ಅಡಗುವ ಮೊದಲೇ ಒಂದು ಭಿತ್ತಿಚಿತ್ರವೂ ಹೊರಬಿತ್ತು. ಜನ ಛೀಮಾರಿ ಹಾಕಿದ ಮೇಲೆ ನಿರ್ದೇಶಕರು ಕ್ಷಮೆ ಕೇಳಿದರು. ಅವಸರಕ್ಕಾಗಿ ಎಲ್ಲರೂ ಬೈದರು. ನನ್ನ ಆಕ್ಷೇಪ ಆ ಚಿತ್ರದ ಮೇಲೆಯೇ. ಸಮವಸ್ತ್ರ ಧರಿಸಿದ ಹೆಣ್ಣೊಬ್ಬಳು ನಮಗೆ ಬೆನ್ನು ಮಾಡಿ, ಕೈಯಲ್ಲಿ ಬಂದೂಕು ಹಿಡಿದು, ಬೈತಲೆಗೆ ಸಿಂಧೂರವಿಟ್ಟುಕೊಳ್ಳುತ್ತಿದ್ದಾಳೆ. ಪಹಲ್ಗಾಮಿನಲ್ಲಿ ಗಂಡನ ಹೆಣದ ಪಕ್ಕ ಕುಳಿತವಳಿಗೆ ಅದರಲ್ಲಿ ಜಾಗವಿಲ್ಲ. ಅವಳ ಹಣೆಯಿಂದ ಅಳಿಸಿಹೋದ ಕುಂಕುಮ ಮಾತ್ರ ಬೇಕಾಯಿತು, ಅವಳ ಮುಖ ಬೇಡವಾಯಿತು.

ಇದು ಮುಂಬಯಿಯವರ ಚಾಳಿಯೆಂದು ನಾವು ಹಾಯಾಗಿರುವಂತಿಲ್ಲ. ಕುಮಟೆಯಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ, ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿಯಿತು. ಕೇರಳದ ಚಾಲಕನ ಲಾರಿಯನ್ನು ಗಂಗಾವಳಿಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ಆ ಹೊಳೆಯ ದಂಡೆ ಕ್ಯಾಮರಾಗಳಿಗೆ ರಂಗಸ್ಥಳವಾಗಿತ್ತು. ಕೊನೆಗೆ ತಮ್ಮ ದುಃಖವನ್ನು ಮಾರಿಕೊಳ್ಳಬೇಡಿರೆಂದು ಆ ಮನೆಯವರೇ ಪತ್ರಿಕಾಗೋಷ್ಠಿ ಕರೆದು ಹೇಳಬೇಕಾಯಿತು. ಗುಡ್ಡದ ಬುಡದ ಚಹಾದಂಗಡಿಯಲ್ಲಿದ್ದು ಮಣ್ಣುಪಾಲಾದ ನಮ್ಮವರೇ ಆದ ಸಂಸಾರದ ಸುದ್ದಿ ಇದಕ್ಕಿಂತ ಎಷ್ಟೋ ಬೇಗ ತಣ್ಣಗಾಯಿತು. ಆ ಸಾವಿನಲ್ಲಿ ಕುತೂಹಲ ಉಳಿದಿರಲಿಲ್ಲವಲ್ಲ!

ನಮ್ಮ ಆಟದವರಿಗೂ ಒಂದು ಮಾತು. ಚಕ್ರವ್ಯೂಹ ಹೊಕ್ಕ ಅಭಿಮನ್ಯು ಶಿಳ್ಳೆ ಬೀಳುವಷ್ಟು ಹೊತ್ತೂ ಮಂಡಿ ತಿರುಗುತ್ತಾನೆ. ಅವನ ಹೆಣದ ಬಳಿಗೆ ಸುಭದ್ರೆ ಬರುವ ಹೊತ್ತಿಗೆ ವೇಳೆ ಸಾಲದಾಗುತ್ತದೆ. ಕಾಲಮಿತಿಯ ಪ್ರಯೋಗಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತಿದ್ದೇನೆ. ಭಾಗವತರು ಆ ನಾಲ್ಕು ಶೋಕದ ಪದ್ಯಗಳನ್ನು ಬಿಡದೆ ಹಾಡಲಿ. ಬೇಕಾದರೆ ಯುದ್ಧದ ಕುಣಿತವನ್ನು ಹತ್ತು ನಿಮಿಷ ಮೊಟಕುಮಾಡಲಿ.