ಎಂಟು ದಾಳದ ಬೆಂಕಿಯುಂಡೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಹೊರತಂದದ್ದು 1974ರಲ್ಲಿ. ಜಯನಗರದ ಯಾವ ಮನೆಯ ಊಟದ ಮೇಜಿನ ಮೇಲಾದರೂ ಆಡಬಹುದು. ಬೇಕಿರುವುದು ಪೆನ್ಸಿಲ್, ಕಾಗದ, ದಾಳ, ಮಾತಿಗೆ ಸೋಲದ ನಾಲ್ಕು ಜನ.

ಪಾತ್ರ ಧರಿಸಿ ಆಡುವ ಈ ಆಟದ ಸೊಗಸೆಲ್ಲ ಮಂತ್ರಗಾರರ ಕಸುಬಿನಲ್ಲಿದೆ. ಇಲ್ಲಿ ಹೇಳುವುದೆಲ್ಲ 2014ರ ಐದನೇ ಆವೃತ್ತಿಯ ನಿಯಮ. ವಿಝರ್ಡ್ ಆರು ಮಂತ್ರಗಳ ಪುಸ್ತಕ ಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಹೊಸ ಮಂತ್ರ ಸಿಕ್ಕಿದರೆ ಅದನ್ನು ನಕಲಿಸಿಕೊಳ್ಳಲು ಕಾಸೂ ಹೊತ್ತೂ ಸುರಿಯಬೇಕು. ಸಾರ್ಸರರ್‌ಗೆ ಪುಸ್ತಕದ ಹಂಗಿಲ್ಲ, ಅವನದು ಹುಟ್ಟಿನಿಂದ ಬಂದ ವಿದ್ಯೆ. ಬಲ್ಲ ಮಂತ್ರಗಳು ಕಡಿಮೆ, ಆದರೆ ಅವನ್ನೇ ಹಿಗ್ಗಿಸಿ, ತಿರುಚಿ ಬಳಸುತ್ತಾನೆ.

ಫೈರ್‌ಬಾಲ್ ಮಂತ್ರವನ್ನೇ ನೋಡಿ. ಆರು ಮುಖದ ಎಂಟು ದಾಳ, ಸರಾಸರಿ 28 ಪೆಟ್ಟು, ಸುತ್ತಲೂ 20 ಅಡಿ ಬೆಂಕಿ. ನಡುವೆ ಗೆಳೆಯನೇ ಸಿಕ್ಕಿಕೊಂಡಿದ್ದರೆ? ಸಾರ್ಸರರ್ ತನ್ನ ವಿದ್ಯೆಯಿಂದ ಎಷ್ಟು ಕಾಪಾಡಿದರೂ ಅರ್ಧ ಪೆಟ್ಟು ತಾಗಿಯೇ ತೀರುತ್ತದೆ. ಇವೊಕೇಶನ್ ಶಾಖೆಯಲ್ಲಿ ಪಳಗಿದ ವಿಝರ್ಡ್ ಎಸೆದರೆ ಗೆಳೆಯನ ಕೂದಲೂ ಕೊಂಕದು! ನಿಯಮ ಬರೆದವರ ಕೈಚಳಕ ಕಾಣುವುದು ಇಂಥ ಕಡೆ.

ವಾರ್ಲಾಕ್ ಎಂಬ ಮಂತ್ರಗಾರ ಹತ್ತನೇ ಹಂತದವರೆಗೂ ಹೆಚ್ಚೆಂದರೆ ಎರಡೇ ಮಂತ್ರಕ್ಕೆ ಬರಿದಾಗುತ್ತಾನೆ, ಒಂದು ತಾಸು ದಣಿವಾರಿಸಿಕೊಂಡರೆ ಮತ್ತೆ ಸಿದ್ಧ.

ಹಾಡುಗಾರ ಬಾರ್ಡ್ ಅಂತೂ ತನ್ನ ದಾಳವನ್ನೇ ಗೆಳೆಯನಿಗೆ ಕೊಟ್ಟುಬಿಡುತ್ತಾನೆ. ಗೆಳೆಯನ ಇಪ್ಪತ್ತು ಮುಖದ ದಾಳ ಉರುಳಿ ಅಂಕಿ ಕಂಡ ಮೇಲೂ, ಆಟ ನಡೆಸುವವರು ಸೋಲು ಗೆಲುವು ಹೇಳುವ ಮುನ್ನ, ಅವನು ಬಾರ್ಡ್ ಕೊಟ್ಟ ದಾಳದ ಅಂಕಿಯನ್ನು ಸೇರಿಸಿಕೊಳ್ಳಬಹುದು.