ಹಲಗಿಗೆ ಅಂಕ ಹಾಕುವ ಕೈ ಯಾರದು?

‘ನಿರ್ಣಾಯಕರ ತೀರ್ಮಾನವೇ ಅಂತಿಮ.’ ನಮ್ಮ ಕಡೆಯ ಯಾವ ಸ್ಪರ್ಧೆಯ ಕರಪತ್ರ ತೆಗೆದು ನೋಡಿದರೂ ಕೊನೆಗೆ ಈ ಸಾಲು ಇದ್ದೇ ಇರುತ್ತದೆ. ಭಜನೆಯದಿರಲಿ, ಡೊಳ್ಳಿನದಿರಲಿ, ಹಲಗಿಯದಿರಲಿ, ಸಾಲು ಬದಲಾಗುವುದಿಲ್ಲ. ಆ ನಿರ್ಣಾಯಕರನ್ನು ಆರಿಸಿದವರು ಯಾರು? ಅವರ ಕೈಗೆ ಕೊಟ್ಟ ಅಂಕಪಟ್ಟಿ ಬರೆದವರು ಯಾರು? ಇದನ್ನು ಕೇಳುವವರಿಲ್ಲ. ಗೆದ್ದವನಿಗೆ ಕೇಳುವ ದರ್ದಿಲ್ಲ. ಸೋತವನು ಕೇಳಿದರೆ ‘ಸೋತ ಸಿಟ್ಟಿಗೆ ಮಾತಾಡ್ತಾನ’ ಅಂತ ಬಾಯಿ ಮುಚ್ಚಿಸುತ್ತಾರೆ. ಹಾಗಾದರೆ ಇದು ಗೆಲ್ಲದ, ಸೋಲದ ನಾವು ಕೇಳಬೇಕಾದ ಪ್ರಶ್ನೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹಲಗಿಯ ಸಪ್ಪಳವಿಲ್ಲದೆ ವರ್ಷ ಕಳೆಯುವುದಿಲ್ಲ. ಹೋಳಿ ಬಂದರೆ ಓಣಿಯ ಹುಡುಗರ ಹೆಗಲಿಗೆಲ್ಲ ಹಲಗಿ. ಮೊಹರಮ್ಮಿನಲ್ಲಿ ಹೆಜ್ಜೆಮೇಳದ ಮುಂದೆ ಹಲಗಿ, ಜಾತ್ರೆಯಲ್ಲಿ ತೇರಿನ ಮುಂದೆ ಹಲಗಿ, ಸತ್ತವರ ಮನೆಯಿಂದ ಸುಡುಗಾಡಿನ ತನಕವೂ ಹಲಗಿ. ಮದುವೆಯ ಪೆಟ್ಟು ಬೇರೆ, ಮೆರವಣಿಗೆಯ ಪೆಟ್ಟು ಬೇರೆ, ಡಂಗುರದ ಪೆಟ್ಟು ಬೇರೆ, ಸಾವಿನ ಪೆಟ್ಟು ಬೇರೆ. ಮನೆಯೊಳಗೆ ರೊಟ್ಟಿ ಬಡಿಯುತ್ತ ಕೂತ ಅವ್ವನಿಗೂ ಆ ಸಪ್ಪಳ ಕೇಳಿದರೆ ಹೊರಗೆ ಏನು ನಡೆದಿದೆ ಎಂದು ತಿಳಿಯುತ್ತದೆ. ಇಷ್ಟು ಮಾತಾಡುವ ವಾದ್ಯವನ್ನು ಬಲ್ಲವನಿಗೆ ಸ್ಪರ್ಧೆಯ ಕಣದಲ್ಲಿ ಸಿಗುವುದು ಕೆಲವೇ ನಿಮಿಷ ಮತ್ತು ಒಂದು ಕಾಗದ.

ಸರ್ಕಾರ ನಡೆಸುವ ಯುವಜನ ಮೇಳವನ್ನೇ ತೆಗೆದುಕೊಳ್ಳಿ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ಅದರ ಮೇಲಕ್ಕೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು. ಅದಕ್ಕೆ ಮೊದಲು ಮುಂಡರಗಿಯ ಹುಡುಗರು ಅಖಂಡ ಧಾರವಾಡ ಜಿಲ್ಲೆಯ ತಂಡಗಳ ಎದುರು ನಿಲ್ಲಬೇಕಿತ್ತು. ಆಮೇಲೆ ಲಕ್ಷ್ಮೇಶ್ವರವೂ ಶಿರಹಟ್ಟಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ನಕ್ಷೆಯ ಮೇಲೆ ಗೆರೆ ಎಳೆದರೆ ಯಾರು ಯಾರ ಎದುರು ಬಾರಿಸಬೇಕು ಅನ್ನುವುದೂ ಬದಲಾಗುತ್ತದೆ. ಅಂದರೆ ವಿಭಾಗ ಅನ್ನುವುದು ದೇವರು ಮಾಡಿದ್ದಲ್ಲ, ಕಚೇರಿ ಮಾಡಿದ್ದು. ಕಚೇರಿ ಮಾಡಿದ್ದನ್ನು ಜನ ತಿದ್ದಬಹುದು.

ಈ ಮೇಳದಲ್ಲಿ ಡೊಳ್ಳು ಕುಣಿತ ಒಂದು ವಿಭಾಗ. ‘ಚರ್ಮವಾದ್ಯ ಮೇಳ’ ಇನ್ನೊಂದು. ಈ ಎರಡನೆಯ ಹೆಸರಿನ ಮುಂದೆ ಸ್ವಲ್ಪ ನಿಲ್ಲೋಣ. ಹಲಗಿ, ತಮಟೆ, ನಗಾರಿ, ಸಂಬಾಳ, ಚಕ್ಕಡಿ ಗಾಲಿಯಷ್ಟು ದೊಡ್ಡದಾಗಿ ಬೀದಿಯಲ್ಲಿ ಉರುಳಿಸಿಕೊಂಡು ಬಾರಿಸುವ ಜಗ್ಗಲಿಗಿ, ಎಲ್ಲವನ್ನೂ ಕೂಡಿಹಾಕಲು ಸಿಕ್ಕ ಒಂದೇ ಗುಣ ಚರ್ಮವೇ? ಹಾಗಿದ್ದರೆ ತಬಲಾದ ಮೇಲೆ ಇರುವುದೇನು, ರೇಷ್ಮೆಯೆ? ಮೃದಂಗದ ಬಾಯಿಗೆ ಕಟ್ಟಿದ್ದು ಬಾಳೆ ಎಲೆಯೆ? ಅವೂ ಆಡಿನ, ಆಕಳ ಚರ್ಮವೇ. ಆದರೆ ಅವು ಸಭೆಗೆ ಹೋದಾಗ ಚರ್ಮ ಮರೆತುಹೋಗುತ್ತದೆ, ‘ಶಾಸ್ತ್ರೀಯ’ ಎಂಬ ಹೆಸರು ಬರುತ್ತದೆ. ಹಲಗಿಗೆ ಮಾತ್ರ ಚರ್ಮವೇ ಹೆಸರು, ಚರ್ಮವೇ ಜಾತಿ. ಕರ್ನಾಟಕ ಸಂಗೀತದ ಹಾಡುಗಾರ ಟಿ.ಎಂ. ಕೃಷ್ಣ ಮೃದಂಗ ಮಾಡುವವರ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದರು. ಆ ಕೆಲಸದಲ್ಲಿ ದಲಿತ ಕ್ರೈಸ್ತರ ಕೈ ಎಷ್ಟಿದೆ, ಹಸುವಿನ ಚರ್ಮ ಎಲ್ಲಿಂದ ಬರುತ್ತದೆ ಎಂಬುದನ್ನು ಅದರಲ್ಲಿ ಬಿಡಿಸಿಟ್ಟರು. 2020ರ ಜನವರಿಯಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಹಿಂದಕ್ಕೆ ತೆಗೆದುಕೊಂಡಿತು. ನಾದ ಬೇಕು, ನಾದದ ಹಿಂದಿನ ಕೈ ಬೇಡ.

ಇದು ಇಂದಿನ ಮಾತಲ್ಲ. ತಮಿಳಿನ ‘ಪರೈ’ ಅಂದರೆ ಹಲಗಿಯಂಥದ್ದೇ ವಾದ್ಯ. ಅದನ್ನು ಬಾರಿಸುವವರ ಹೆಸರೇ ಇಂಗ್ಲಿಷಿಗೆ ಹೋಗಿ ಬಹಿಷ್ಕೃತ ಅನ್ನುವ ಅರ್ಥದ ‘ಪರಾಯ’ ಆಯಿತು. ಒಂದು ವಾದ್ಯದ ಹೆಸರಿನಿಂದ ಲೋಕಕ್ಕೆಲ್ಲ ಒಂದು ಬೈಗುಳ ಹುಟ್ಟಿತು.

ಗದಗ ಸಂಗೀತದ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಹಾಡು, ತಬಲಾ, ಹಾರ್ಮೋನಿಯಂ ಕಲಿಸಿದರು. ಅದು ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡುವ ಮಾತೇ ಇಲ್ಲ. ಆದರೆ ಅದೇ ಊರಿನ ಬೀದಿಯಲ್ಲಿ ಅಪ್ಪನ ಕೈ ನೋಡಿ ಕಲಿತ ಹಲಗಿಯವನಿಗೆ ‘ನೀನು ಕಲಿತದ್ದೂ ವಿದ್ಯೆ’ ಎಂದು ಹೇಳುವ ಶಾಲೆ ಇಲ್ಲ, ಪರೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ. ‘ಹಲಗ್ಯಾಗ ಏನೈತಿ, ಬಡದ್ರ ಸಪ್ಪಳ ಬರತೈತಿ’ ಅನ್ನುವವರೇ ಹೆಚ್ಚು. ಹೀಗಾಗಿ ಅವನಿಗೆ ಸ್ಪರ್ಧೆಯೇ ಶಾಲೆ, ಅಂಕಪಟ್ಟಿಯೇ ಪ್ರಮಾಣಪತ್ರ. ನಾಳೆ ಮುಪ್ಪಿನಲ್ಲಿ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದಾಗ ‘ನೀನು ಕಲಾವಿದ ಅನ್ನೋದಕ್ಕ ಏನ್ ದಾಖಲೆ ಐತಿ?’ ಎಂದು ಕೇಳುತ್ತಾರೆ. ಆಗ ಪೆಟ್ಟಿಗೆಯಿಂದ ತೆಗೆದು ತೋರಿಸಬೇಕಾದ್ದು ಇದೇ ಕಾಗದ. ಆದ್ದರಿಂದ ಅಂಕದ ನ್ಯಾಯ ಆಟದ ಮಾತಲ್ಲ, ಅನ್ನದ ಮಾತು.

ಈಗ ಅಂಕಪಟ್ಟಿಗೆ ಬರೋಣ. ಸಾಮಾನ್ಯವಾಗಿ ಕಾಣುವ ಕಲಮುಗಳು ಇವು: ವೇಷಭೂಷಣ, ತಾಳ-ಲಯ, ತಂಡದ ಹೊಂದಾಣಿಕೆ, ರಂಗದ ಮೇಲಿನ ಪ್ರದರ್ಶನ, ಒಟ್ಟು ಪರಿಣಾಮ. ನೋಡಲು ಏನೂ ತಪ್ಪಿಲ್ಲ. ಆದರೆ ಒಂದೊಂದನ್ನೂ ಬಿಡಿಸಿ ನೋಡಿ. ವೇಷಭೂಷಣಕ್ಕೆ ಅಂಕ ಇದ್ದರೆ ಬಾಡಿಗೆ ಪೇಟ, ಜರಿ ಶಲ್ಯ ತರುವ ದುಡ್ಡು ಇದ್ದವನಿಗೆ ಬಾರಿಸುವ ಮೊದಲೇ ಅಂಕ ಬಿತ್ತು. ‘ಹೊಂದಾಣಿಕೆ’ ಅಂದರೆ ಎಲ್ಲರೂ ಒಂದೇ ಸಲ ಕಾಲೆತ್ತುವುದು ಎಂದಾದರೆ, ಒಬ್ಬ ಹಿಡಿದ ಪೆಟ್ಟಿಗೆ ಇನ್ನೊಬ್ಬ ಅಡ್ಡ ಪೆಟ್ಟು ಹಾಕಿ ಉತ್ತರ ಕೊಡುವ ಸವಾಲ್-ಜವಾಬು ತಪ್ಪಿನಂತೆ ಕಾಣುತ್ತದೆ. ‘ಒಟ್ಟು ಪರಿಣಾಮ’ಕ್ಕೆ ಹೆಗಲ ಮೇಲೆ ಹೆಗಲು ಏರಿ ಗೋಪುರ ಕಟ್ಟಿದ ತಂಡಕ್ಕೆ ಚಪ್ಪಾಳೆ ಹೆಚ್ಚು. ಗೋಪುರ ಕಟ್ಟುವುದೂ ಕಷ್ಟದ ಕಸರತ್ತೇ, ಒಪ್ಪೋಣ. ಆದರೆ ಆ ಹೊತ್ತಿಗೆ ಕೈ ಏನು ಬಾರಿಸುತ್ತಿತ್ತು? ಕಣ್ಣು ಗೋಪುರ ನೋಡುವಾಗ ಕಿವಿ ರಜೆ ಹಾಕಿರುತ್ತದೆ.

ಪಟ್ಟಿಯಲ್ಲಿ ಇಲ್ಲದ ಕಲಮುಗಳು ಯಾವುವು? ಚರ್ಮ ಕಾಯಿಸಿ ಹದಕ್ಕೆ ತರುವ ಜಾಣ್ಮೆಗೆ ಅಂಕ ಇಲ್ಲ. ಒಂದು ಕೈಯ ದಪ್ಪ ಕೋಲು, ಇನ್ನೊಂದು ಕೈಯ ತೆಳು ಸಿಬಿರು, ಎರಡರ ನಡುವೆ ಹುಟ್ಟುವ ನುಡಿಯ ಸ್ಪಷ್ಟತೆಗೆ ಅಂಕ ಇಲ್ಲ. ಸಾವಿನ ಪೆಟ್ಟಿನಿಂದ ಜಾತ್ರೆಯ ಪೆಟ್ಟಿನವರೆಗೆ ಎಷ್ಟು ಬಗೆ ಬಲ್ಲ ಎಂಬುದಕ್ಕೆ ಅಂಕ ಇಲ್ಲ. ಇನ್ನು ಸಭಾಂಗಣದ ಮಾತು. ಹಲಗಿ ಬಯಲಿನ ವಾದ್ಯ. ಅದನ್ನು ನಾಲ್ಕು ಗೋಡೆಯೊಳಗೆ ಮೈಕಿನ ಮುಂದೆ ನಿಲ್ಲಿಸಿದರೆ ಮೈಕಿನ ಹತ್ತಿರ ನಿಂತವನ ಹಲಗಿ ಮಾತ್ರ ಕೇಳುತ್ತದೆ, ಉಳಿದವರು ಕೈ ಆಡಿಸಿದಂತಾಗುತ್ತದೆ. ಸರದಿ ಕಾಯುತ್ತ ಕೂತಾಗ ತಂಪು ಗಾಳಿಗೆ ಚರ್ಮ ಸಡಿಲಾಗುತ್ತದೆ. ಕಾಯಿಸೋಣ ಅಂದರೆ ‘ಇಲ್ಲಿ ಬೆಂಕಿ ಹಚ್ಚಂಗಿಲ್ಲ’ ಅನ್ನುತ್ತಾರೆ. ಪಕ್ಕದ ತಂಡದ್ದು ಫೈಬರ್ ಹಲಗಿ. ಅದಕ್ಕೆ ಬೆಂಕಿ ಬೇಡ, ಬಿಸಿಲು ಬೇಡ, ಯಾವಾಗಲೂ ಟಣಟಣ. ಅಂಕ ಯಾರಿಗೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದಲ್ಲಿ ‘ಡ್ರಮ್ ಕೋರ್’ ಎಂಬ ತಂಡಗಳಿವೆ. ಡ್ರಮ್ಮು, ತುತ್ತೂರಿ ಹಿಡಿದು ಮೈದಾನದ ತುಂಬ ಕವಾಯತಿನಂತೆ ನಡೆಯುತ್ತ ಬಾರಿಸುವವು. ಮೊದಲು ಅವುಗಳ ಸ್ಪರ್ಧೆ, ನಿಯಮ, ಬಹುಮಾನ ಎಲ್ಲ ಮಾಜಿ ಸೈನಿಕರ ಸಂಘಗಳ ಕೈಯಲ್ಲಿತ್ತು. 1971ರ ಹೊತ್ತಿಗೆ ಕೆಲವು ತಂಡಗಳು ‘ಬಾರಿಸೋರು ನಾವು, ನಿಯಮ ಬರೆಯೋರು ನೀವ್ಯಾಕೆ?’ ಎಂದು ಸಿಡಿದು ಹೊರಬಂದವು. ತಂಡಗಳೇ ಸೇರಿ ಕಟ್ಟಿದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ 1972ರಲ್ಲಿ ತನ್ನ ಮೊದಲ ಚಾಂಪಿಯನ್‌ಶಿಪ್ ನಡೆಸಿತು. ಆಗ ಅಲ್ಲಿ ತಪ್ಪು ಎಣಿಸುವ ಪದ್ಧತಿ ಇತ್ತು. ನಿರ್ಣಾಯಕ ಸಾಲುಗಳ ನಡುವೆ ಓಡಾಡುತ್ತ ಒಂದು ತಪ್ಪಿಗೆ ಅಂಕದ ಹತ್ತನೆಯ ಒಂದು ಭಾಗ ಕಡಿಯುತ್ತಿದ್ದ. ತಪ್ಪಿಗೆ ದಂಡ ಹಾಕುವ ಕಡೆ ಸುಲಭದ್ದನ್ನು ಬಾರಿಸಿದವನೇ ಜಾಣ, ಕಷ್ಟದ್ದಕ್ಕೆ ಕೈ ಹಾಕಿದವನೇ ದಡ್ಡ. ಆ ಪದ್ಧತಿ 1984ರ ಹೊತ್ತಿಗೆ ಹೋಯಿತು. ಮಾಡಿದ್ದಕ್ಕೆ ಅಂಕ ಕೂಡಿಸುವ ಪದ್ಧತಿ ಬಂತು. ಒಟ್ಟು 100ರಲ್ಲಿ ಒಟ್ಟು ಪರಿಣಾಮಕ್ಕೆ 40, ನೋಟಕ್ಕೆ 30, ಸಂಗೀತಕ್ಕೆ 30. ನೋಟಕ್ಕೆ ಬೇರೆ ನಿರ್ಣಾಯಕರು, ತುತ್ತೂರಿಗೆ ಬೇರೆ, ಡ್ರಮ್ಮಿಗೇ ಬೇರೆ. ಯಾವ ನಿರ್ಣಾಯಕ ಯಾವ ತಂಡಕ್ಕೆ ಎಷ್ಟು ಕೊಟ್ಟ ಎಂಬುದು ಹೆಸರಿನ ಸಮೇತ ಪ್ರಕಟವಾಗುತ್ತದೆ. ಕೇಳುತ್ತ ಕೇಳುತ್ತ ತನ್ನ ಅಭಿಪ್ರಾಯವನ್ನು ಆತ ಧ್ವನಿಮುದ್ರಿಸಿ ತಂಡಕ್ಕೆ ಕೊಡಬೇಕು.

ಅದು ಸ್ವರ್ಗವೇನಲ್ಲ. ಅಲ್ಲಿ ಬಾರಿಸುವ ಹುಡುಗರು ಒಂದು ಬೇಸಿಗೆಗೆ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು, ಬಡವರ ಮಕ್ಕಳು ಹೊರಗೇ ಉಳಿಯುತ್ತಾರೆ. ಅವರ ಅಂಕಪಟ್ಟಿಯನ್ನು ತಂದು ಹಲಗಿಗೆ ಅಂಟಿಸಬೇಕೆಂದು ನಾನು ಹೇಳುತ್ತಿಲ್ಲ. ಕಲಿಯಬೇಕಾದ್ದು ಒಂದೇ: ನಿಯಮ ಬಾರಿಸುವವರ ಕೈಗೆ ಬಂದ ಮೇಲೆ ನಿಯಮವೂ ಬದಲಾಯಿತು. ಟ್ರಿನಿಡಾಡಿನಲ್ಲಿ ಬಡ ಕರಿಯರು ಎಣ್ಣೆ ಪೀಪಾಯಿಗಳಿಂದ ಕಟ್ಟಿದ ಸ್ಟೀಲ್ ಪ್ಯಾನ್ ವಾದ್ಯಕ್ಕೆ 1963ರಿಂದ ‘ಪನೋರಮ’ ಎಂಬ ಸ್ಪರ್ಧೆ ಇದೆ. ಅಲ್ಲಿ ಸಣ್ಣ ತಂಡ, ನಡುವಿನ ತಂಡ, ದೊಡ್ಡ ತಂಡ ಬೇರೆ ಬೇರೆ ವಿಭಾಗ. ನಮ್ಮಲ್ಲಿಯೋ, ಆರು ಜನ ಕೂಲಿಕಾರರ ತಂಡವೂ ಮೂವತ್ತು ಜನರ ಸಂಘವೂ ಒಂದೇ ಗೆರೆಯ ಮೇಲೆ.

ಹಳ್ಳಿಯ ಮಾಸ್ತರುಗಳಿಗೆ ಈಗ ಒಂದು ಲೆಕ್ಕ. ಪ್ರತಿಭಾ ಕಾರಂಜಿಯಿಂದ ಹಿಡಿದು ಜಾತ್ರೆಯ ಸ್ಪರ್ಧೆಯ ತನಕ ಅಂಕ ಹಾಕುವವರು ನೀವೇ ಅಲ್ಲವೆ? ಮೂವರು ನಿರ್ಣಾಯಕರು, ಎರಡು ತಂಡ ಎಂದಿಟ್ಟುಕೊಳ್ಳಿ. ಮೊದಲನೆಯವರು ಕೆರಿ ಓಣಿ ತಂಡಕ್ಕೆ 72, ಪೇಟೆ ತಂಡಕ್ಕೆ 70 ಕೊಟ್ಟರು. ಎರಡನೆಯವರು 71 ಮತ್ತು 69. ಮೂರನೆಯವರು ಮಾತ್ರ ಕೆರಿ ಓಣಿಗೆ 55, ಪೇಟೆಗೆ 80. ಕೂಡಿಸಿ ನೋಡಿ: ಕೆರಿ ಓಣಿ 198, ಪೇಟೆ 219. ಮೂವರಲ್ಲಿ ಇಬ್ಬರು ‘ಕೆರಿ ಓಣಿ ಮೇಲು’ ಅಂದರೂ ಗೆದ್ದದ್ದು ಪೇಟೆ. ಒಬ್ಬನ ಪೆನ್ನು ಇಬ್ಬರ ಕಿವಿಯನ್ನು ನುಂಗಿತು. ಇದಕ್ಕೆ ಲಂಚ ಬೇಕಿಲ್ಲ, ಮೋಸ ಬೇಕಿಲ್ಲ, ಒಬ್ಬನ ಒಳಗಿರುವ ಅಸಡ್ಡೆ ಸಾಕು. ಮದ್ದು ಸರಳ. ಅಂಕ ಕೂಡಿಸುವ ಬದಲು ಸ್ಥಾನ ಕೂಡಿಸಿ. ಕೆರಿ ಓಣಿಗೆ 1, 1, 2, ಒಟ್ಟು 4. ಪೇಟೆಗೆ 2, 2, 1, ಒಟ್ಟು 5. ಕಡಿಮೆ ಬಂದವರು ಗೆದ್ದರು. ಐದು ಜನ ನಿರ್ಣಾಯಕರು ಸಿಕ್ಕರೆ ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸಿ. ಇಷ್ಟಕ್ಕೆ ಸರ್ಕಾರದ ಆದೇಶ ಬೇಡ, ಒಂದು ಹಾಳೆ ಸಾಕು.

ಆದರೆ ಲೆಕ್ಕ ಸರಿಯಾದರೆ ನ್ಯಾಯ ಸರಿಯಾಗುವುದಿಲ್ಲ. ಐವರ ಕಿವಿಯೂ ಒಂದೇ ಓಣಿಯದಾದರೆ ಯಾವ ಗಣಿತ ಏನು ಮಾಡೀತು? ಆದ್ದರಿಂದ ನಮ್ಮ ಬೇಡಿಕೆ ಹೀಗಿರಲಿ. ಹಲಗಿಗೆ ಹಲಗಿಯದೇ ವಿಭಾಗ ಬೇಕು. ಚರ್ಮದ ಹಲಗಿ, ಫೈಬರ್ ಹಲಗಿ ಬೇರೆ ಬೇರೆ ನಿಲ್ಲಲಿ. ಸಣ್ಣ ತಂಡಕ್ಕೆ ಸಣ್ಣ ತಂಡವೇ ಎದುರಾಗಲಿ. ಸರದಿಗೆ ಮೊದಲು ಚರ್ಮ ಕಾಯಿಸಲು ಜಾಗ, ಹೊತ್ತು ಕೊಡಬೇಕು. ಬಯಲಲ್ಲಿ ಬಾರಿಸಬೇಕು. ವೇಷಕ್ಕೆ ಅಂಕ ಬೇಡ. ನಿರ್ಣಾಯಕರಲ್ಲಿ ಅರ್ಧದಷ್ಟಾದರೂ ಹಲಗಿ ಬಾರಿಸಿ ಕೈ ಮಾಗಿದವರಿರಲಿ. ಓದು ಬಾರದವರಾದರೆ ಬಾಯಲ್ಲಿ ಹೇಳಲಿ, ಮಾಸ್ತರರು ಬರೆದುಕೊಳ್ಳಲಿ. ಅಂಕಗಳನ್ನು ಅಲ್ಲೇ ಹಲಗೆಯ ಮೇಲೆ ಬರೆದು, ಯಾಕೆ ಎಂದು ಸೋತವರಿಗೂ ಹೇಳಬೇಕು.

ನಮ್ಮವರಲ್ಲೇ ಒಂದು ಪ್ರಶ್ನೆ ಇದೆ, ಅದನ್ನು ತಪ್ಪಿಸಿಕೊಂಡು ಓಡುವಂತಿಲ್ಲ. ‘ಹಲಗಿ ನಮ್ಮ ಗುಲಾಮಗಿರಿಯ ಗುರುತು. ಅದನ್ನ ಸುಟ್ಟು ಹಾಕೋದು ಬಿಟ್ಟು ಅದಕ್ಕ ಅಂಕ ಕೇಳತೀರೇನು?’ ಈ ಸಿಟ್ಟು ಸುಳ್ಳಲ್ಲ. ಬಿಟ್ಟಿಯಾಗಿ ಹೆಣದ ಮುಂದೆ, ತೇರಿನ ಮುಂದೆ ಬಾರಿಸು ಅಂದಾಗ ‘ಆಗೋದಿಲ್ಲ’ ಎಂದು ಹಲಗಿ ಕೆಳಗಿಟ್ಟವರ ಚಳವಳಿ ನಮ್ಮದು. ಅದೇ ಹಲಗಿಯನ್ನು ಹೋರಾಟದ ಮೆರವಣಿಗೆಯ ಮುಂದೆ ಎತ್ತಿ ಹಿಡಿದವರೂ ನಾವೇ. ಬಿಡಬೇಕಾದ್ದು ಬಿಟ್ಟಿಯನ್ನು, ವಿದ್ಯೆಯನ್ನಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಒಬ್ಬರ ಎದೆಗೆ ಪದಕ ಬಂದ ಮಾತ್ರಕ್ಕೆ ಸಾವಿರ ಕೈಗಳ ಅಂಕಪಟ್ಟಿ ತಿದ್ದಿದಂತಾಗುವುದಿಲ್ಲ.

ಇನ್ನೊಂದು ಮಾತು, ಬಹುಮಾನ ಕೊಡುವ ಹಿರಿಯರಿಗೆ. ಹಲಗಿಯನ್ನು ಯಾರು ಬೇಕಾದರೂ ಕಲಿಯಲಿ, ಯಾವ ಜಾತಿಯ ಹುಡುಗ, ಯಾವ ಓಣಿಯ ಹುಡುಗಿ ಬೇಕಾದರೂ ಬಾರಿಸಲಿ. ವಾದ್ಯಕ್ಕೆ ಜಾತಿ ಕಟ್ಟಿದವರು ನಾವಲ್ಲ. ಆದರೆ ಪೇಟೆಯ ಹುಡುಗ ಬಾರಿಸಿದರೆ ‘ಕಲೆ’, ಕೇರಿಯ ಹುಡುಗ ಬಾರಿಸಿದರೆ ‘ಚಾಕರಿ’ ಅನ್ನುವ ತನಕ ನಿಮ್ಮ ಯಾವ ವಿಭಾಗವೂ ಸರಿಯಲ್ಲ, ಯಾವ ಅಂಕವೂ ನ್ಯಾಯವಲ್ಲ. ವೇದಿಕೆಯ ಮೇಲೆ ಶಾಲು ಹೊದಿಸಿ, ಮರುದಿನ ಮನೆಯ ಮುಂದೆ ನಿಂತು ‘ಏ, ಹಲಗಿ ತಗೊಂಡ್ ಬಾರಲೇ’ ಎಂದು ಕೂಗುವವರು ಮೊದಲು ತಮಗೆ ತಾವೇ ಅಂಕ ಹಾಕಿಕೊಳ್ಳಲಿ.

ಗೆಳೆಯರೆ, ಬರುವ ಹೋಳಿಗೆ ನಿಮ್ಮೂರಲ್ಲಿ ಸ್ಪರ್ಧೆ ಇದ್ದರೆ ಕರಪತ್ರದ ಕೊನೆಯ ಸಾಲನ್ನು ಸುಮ್ಮನೆ ಓದಿ ಬಿಡಬೇಡಿ. ಅಂಕಪಟ್ಟಿ ಕೇಳಿ. ನಿರ್ಣಾಯಕರ ಹೆಸರು ಕೇಳಿ. ಅವರಲ್ಲಿ ಹಲಗಿ ಬಾರಿಸಿದವರು ಎಷ್ಟು ಜನ ಎಂದು ಕೇಳಿ. ಉತ್ತರ ಬರದಿದ್ದರೆ ಹಲಗಿಯವರನ್ನೇ ಒಂದು ಕಡೆ ಕೂಡಿಸಿ ‘ಒಳ್ಳೆ ಪೆಟ್ಟು ಅಂದ್ರ ಯಾವುದು?’ ಎಂದು ಕೇಳಿ ಬರೆದುಕೊಳ್ಳಿ. ಅದೇ ನಮ್ಮ ಮೊದಲ ಅಂಕಪಟ್ಟಿ.