ಹೂಂಗುಟ್ಟುವವರಿಗೊಂದು ಚೌಕ

ಮೂರನೇ ತರಗತಿಯ ಕರಿಹಲಗೆಯ ಮೇಲೆ ಐದು ಚೌಕಗಳಿದ್ದವು: ಪಾತ್ರಗಳು, ಸನ್ನಿವೇಶ, ಸಮಸ್ಯೆ, ಪರಿಹಾರ, ನೀತಿ. ಬಯಲುಸೀಮೆಯ ಒಂದು ಸರ್ಕಾರಿ ಶಾಲೆ. ಮಕ್ಕಳೆಲ್ಲ ಚಾಪೆಯ ಮೇಲೆ ಕೂತಿದ್ದರು. ಟೀಚರ್ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಚೆನ್ನಾಗಿಯೇ ಹೇಳಿದರು. ಮಳೆ ಸುರಿಯಿತು, ಕಾಗೆಯ ಸಗಣಿ ಮನೆ ಕರಗಿತು, ಕಾಗೆ ಹೋಗಿ ಗುಬ್ಬಿಯ ಕಲ್ಲಿನ ಮನೆಯ ಬಾಗಿಲು ಬಡಿಯಿತು. ಮಗುವಿಗೆ ನೀರು ಹಾಕುತ್ತಿದ್ದೇನೆ ಎಂದಿತು ಗುಬ್ಬಿ. ಆಮೇಲೆ ಊಟ ಮಾಡಿಸುತ್ತಿದ್ದೇನೆ ಎಂದಿತು, ಅದೂ ಆದ ಮೇಲೆ ಮಲಗಿಸುತ್ತಿದ್ದೇನೆ ಎಂದಿತು. ಕಾಗೆ ಮೂರನೇ ಸಲ ಬಾಗಿಲು ಬಡಿಯುವ ಹೊತ್ತಿಗೆ ಮಕ್ಕಳೇ ನೆಲ ಬಡಿಯುತ್ತಿದ್ದರು. ಕಥೆ ಮುಗಿಯಿತು. ಟೀಚರ್ ಸೀಮೆಸುಣ್ಣ ಎತ್ತಿಕೊಂಡು, "ಈ ಕಥೆಯ ಸನ್ನಿವೇಶ ಯಾವುದು?" ಎಂದು ಕೇಳಿದರು. ಕೊಠಡಿ ತಣ್ಣಗಾಯಿತು. ಒಬ್ಬ ಹುಡುಗ ಮಾತ್ರ ಕೈ ಎತ್ತಿದ. "ಮಿಸ್, ಗುಬ್ಬಿಗೆ ಬಾಗ್ಲು ತೆಗೆಯೋಕೆ ಮನಸ್ಸೇ ಇರ್ಲಿಲ್ಲ, ಅಲ್ವಾ?" "ಅದು ಆಮೇಲೆ. ಮೊದಲು ಸನ್ನಿವೇಶ ಹೇಳು," ಎಂದರು ಟೀಚರ್. ಅವನು ಕೈ ಇಳಿಸಿದ.

ಅವನು ಕೇಳಿದ್ದು ಪಾತ್ರದ ಬಗೆಗೇ. ಬಾಯಲ್ಲಿ ಬರುವ ಮಾತು ಒಂದು, ಒಳಗಿರುವುದು ಇನ್ನೊಂದು ಎಂಬುದನ್ನು ಎಂಟು ವರ್ಷದ ಹುಡುಗ ಗುಬ್ಬಿಯಲ್ಲಿ ಪತ್ತೆಹಚ್ಚಿದ್ದ. ದೊಡ್ಡವರ ಸಾಹಿತ್ಯ ವಿಮರ್ಶೆ ಶುರುವಾಗುವುದೂ ಅಲ್ಲಿಂದಲೇ. ಆದರೆ 'ಪಾತ್ರಗಳು' ಎಂಬ ಚೌಕಕ್ಕೆ ಬೇಕಾಗಿದ್ದದ್ದು 'ಕಾಗೆ, ಗುಬ್ಬಿ' ಎಂಬ ಎರಡು ಹೆಸರು. ಆ ಟೀಚರ್ ಮೇಲೆ ನನ್ನ ದೂರಿಲ್ಲ. ಹೇಳಿಕೊಟ್ಟ ವಿಧಾನವನ್ನು ಅವರು ಶ್ರದ್ಧೆಯಿಂದಲೇ ಪಾಲಿಸುತ್ತಿದ್ದರು. ಒರೆಗೆ ಹಚ್ಚಬೇಕಾದದ್ದು ಆ ಐದು ಚೌಕಗಳನ್ನು. ಖಾಸಗಿ ಶಾಲೆಯ ವರ್ಕ್‌ಶೀಟಿನಲ್ಲಿ, ಸರ್ಕಾರಿ ಶಾಲೆಯ ಗೋಡೆಯ ಚಾರ್ಟಿನಲ್ಲಿ 'ಕಥೆಯ ಅಂಶಗಳು' ಎಂಬ ಹೆಸರಿನಲ್ಲಿ ಕೂತಿರುವ ಈ ಪಾಠ ಮಕ್ಕಳಿಗೆ ಏನು ಕೊಡುತ್ತದೆ, ಏನನ್ನು ತಪ್ಪಿಸುತ್ತದೆ?

ಚೌಕಗಳ ವಂಶಾವಳಿ ಸಣ್ಣದಲ್ಲ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ತನ್ನ ನಾಡಿನ ಮಾಯಾಕಥೆಗಳನ್ನು ಬಿಡಿಸಿ ನೋಡಿ, ಹೆಸರು ವೇಷ ಎಷ್ಟೇ ಬದಲಾದರೂ ಪಾತ್ರಗಳು ಮಾಡುವ ಕೆಲಸಗಳು 31ರೊಳಗೇ ಮುಗಿಯುತ್ತವೆ ಎಂದ. ಅಮೆರಿಕದಲ್ಲಿ 1975ರಲ್ಲಿ ಡೇವಿಡ್ ರುಮೆಲ್‌ಹಾರ್ಟ್, 1977ರಲ್ಲಿ ಮ್ಯಾಂಡ್ಲರ್ ಮತ್ತು ಜಾನ್ಸನ್, 1979ರಲ್ಲಿ ಸ್ಟೈನ್ ಮತ್ತು ಗ್ಲೆನ್ 'ಕಥಾ ವ್ಯಾಕರಣ'ಗಳನ್ನು ಕಟ್ಟಿದರು. ಕೇಳಿದ ಕಥೆಯಲ್ಲಿ ಯಾವುದು ನೆನಪಿನಲ್ಲಿ ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂಬುದು ಅವರ ಕುತೂಹಲ. ಕರ್ತೃ, ಕರ್ಮ, ಕ್ರಿಯಾಪದ ಗೊತ್ತಿಲ್ಲದ ಮಗು ಸರಿಯಾಗಿಯೇ ಮಾತಾಡುವ ಹಾಗೆ, ಕಥೆಯ ವ್ಯಾಕರಣ ಗೊತ್ತಿಲ್ಲದ ಮಗುವೂ ಕಥೆಯ ಜಾಡು ಹಿಡಿಯುತ್ತದೆ ಎಂಬುದು ಆ ಯೋಚನೆಯ ತಿರುಳು. ಸಂಶೋಧನೆ ವರ್ಕ್‌ಶೀಟಾಗಿ ಇಳಿಯುವ ದಾರಿಯಲ್ಲಿ ಇದು ತಲೆಕೆಳಗಾಯಿತು. ಮಗುವಿನ ತಲೆಯಲ್ಲಿ ಆಗಲೇ ಇದೆ ಎಂದು ಅವರು ಕಂಡುಕೊಂಡದ್ದನ್ನೇ ಮಗುವಿನ ತಲೆಗೆ ತುಂಬುವ ಕೆಲಸ ಶುರುವಾಯಿತು.

ಕಥೆಯನ್ನು ಭಾಗ ಮಾಡಿ ನೋಡುವುದು ನಮಗೂ ಹೊಸದಲ್ಲ. ನಾಟ್ಯಶಾಸ್ತ್ರ ನಾಟಕದ ಕಥೆಯಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಗುರುತಿಸಿತು. ನಾಲ್ಕನೆಯದು, ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಅಡ್ಡಿ ಬಂದು ನಿಲ್ಲುವ ಘಟ್ಟ. ಆದರೆ ಭರತಮುನಿ ಇವನ್ನು ಹೇಳಿದ್ದು ನಾಟಕ ಕಟ್ಟುವವರಿಗೆ. ನೋಡಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಗರ್ಭಸಂಧಿ ಯಾವುದೆಂದು ಯಾರೂ ಕೇಳಲಿಲ್ಲ. ಅಡುಗೆಯ ಅಳತೆ ಬೇಕಾದದ್ದು ಒಲೆಯ ಮುಂದೆ ಇರುವವರಿಗೆ. ನನ್ನ ತಕರಾರಿನ ಬೇರು ಇದೇ: ಕಥೆಯ ಅಂಶಗಳು ಕಥೆ ಕಟ್ಟುವವರ, ಹೇಳುವವರ ಹತಾರ. ಮಗುವನ್ನು ಹೇಳಲು ಬಿಡದೆ ಹತಾರದ ಹೆಸರನ್ನಷ್ಟೇ ಬಾಯಿಪಾಠ ಮಾಡಿಸಿದರೆ ಹತಾರವೂ ದಕ್ಕುವುದಿಲ್ಲ, ಕಥೆಯೂ ದಕ್ಕುವುದಿಲ್ಲ.

ಚೌಕಗಳಿಂದ ಲಾಭವೇ ಇಲ್ಲವೆಂದರೆ ಸುಳ್ಳಾದೀತು. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ ಕೊಟ್ಟ ವರದಿ, ಓದಿದ್ದು ಅರ್ಥವಾಗಲು ನೆರವಾಗುವ ವಿಧಾನಗಳ ಪಟ್ಟಿಯಲ್ಲಿ ಕಥೆಯ ರಚನೆಯನ್ನು ಕಲಿಸುವುದನ್ನೂ ಸೇರಿಸಿತು. ತರಗತಿಯಲ್ಲಿ ಕೂತವರಿಗೆ ಇದರ ಕಾರಣ ಗೊತ್ತು. ಒಂದನೇ ತರಗತಿಯ ಮಗುವಿಗೆ ಕಥೆ ಹೇಳು ಎಂದರೆ ಅದು ನಡುವಿನಿಂದ ಶುರು ಮಾಡುತ್ತದೆ: "ಆಮೇಲೆ ಬಿದ್ದೋಯ್ತು, ಆಮೇಲೆ ಅವ್ನು ಬಂದ, ಆಮೇಲೆ..." ಬಿದ್ದದ್ದು ಯಾರು, ಎಲ್ಲಿ, ಬಂದವನು ಯಾರು, ಕೇಳುವವರಿಗೆ ಗೊತ್ತಾಗುವುದಿಲ್ಲ. 'ಯಾರು, ಎಲ್ಲಿ' ಎಂದು ಒಮ್ಮೆ ನೆನಪಿಸಿದರೆ ಮಗು ಹಿಂದಕ್ಕೆ ಹೋಗಿ ಕೇಳುವವರನ್ನು ಕೈಹಿಡಿದು ಕರೆತರುತ್ತದೆ. ಇನ್ನೊಂದು ಹೆಜ್ಜೆ ಹೋದರೆ ಕೆಲವು 'ಆಮೇಲೆ'ಗಳು 'ಅದಕ್ಕೇ' ಆಗುತ್ತವೆ, ಕೆಲವು 'ಆದರೆ' ಆಗುತ್ತವೆ. ಮಳೆ ಬಂತು, ಅದಕ್ಕೇ ಮನೆ ಕರಗಿತು. ಕಾಗೆ ಬಾಗಿಲು ಬಡಿಯಿತು, ಆದರೆ ಗುಬ್ಬಿ ತೆಗೆಯಲಿಲ್ಲ. ಕಥಾವಸ್ತು ಎಂಬ ದೊಡ್ಡ ಪದದ ಒಳಗಿರುವುದು ಈ ಎರಡು ಸಣ್ಣ ಪದಗಳೇ. ತಡವರಿಸುವ ಮಗುವಿಗೆ ಚೌಕ ಒಂದು ಊರುಗೋಲು. ಆದರೆ ಓಡುವ ಮಗುವಿನ ಕೈಗೂ ಅದನ್ನೇ ಕೊಟ್ಟು ಕುಂಟಿಸುತ್ತಿದ್ದೇವೆ.

ಮೊದಲ ಎಡವಟ್ಟು ಪದಗಳಲ್ಲೇ ಇದೆ. ಇಂಗ್ಲಿಷಿನ ಸೆಟ್ಟಿಂಗ್ ಎಂಬುದು ಕಥೆ ನಡೆಯುವ ಜಾಗ ಮತ್ತು ಹೊತ್ತು. ಅದನ್ನು ನಾವು 'ಸನ್ನಿವೇಶ' ಮಾಡಿಕೊಂಡೆವು. ಕನ್ನಡದಲ್ಲಿ ಸನ್ನಿವೇಶವೆಂದರೆ ಒದಗಿಬಂದ ಪರಿಸ್ಥಿತಿ, ಸಿನಿಮಾದಲ್ಲಾದರೆ ಒಂದು ದೃಶ್ಯ. ಆ ಚೌಕದಲ್ಲಿ 'ಕಾಗೆ ಬಾಗಿಲು ಬಡಿಯುವುದು' ಎಂದು ಬರೆದ ಒಬ್ಬ ಹುಡುಗಿಗೆ ತಪ್ಪು ಗುರುತು ಬಿತ್ತು. ಕನ್ನಡದ ಲೆಕ್ಕದಲ್ಲಿ ಅವಳೇ ಸರಿ. ಎಂಟು ವರ್ಷದವರಿಗೆ ಈ ಪಾರಿಭಾಷಿಕ ಪದಗಳ ಅಗತ್ಯವೇ ಇಲ್ಲ. ಯಾರು, ಎಲ್ಲಿ, ಯಾವಾಗ, ಏನಾಯ್ತು, ಯಾಕೆ, ಮುಂದೇನು: ಜಗಲಿಯ ಮೇಲೆ ಕೂತು ಸುದ್ದಿ ಕೇಳುವ ಅಜ್ಜಿ ಕೇಳುವುದೂ ಇದನ್ನೇ. ಮಗುವಿನ ಬಾಯಲ್ಲಿ ಆಗಲೇ ಇರುವ ಮಾತುಗಳು ಇವು.

ಎರಡನೆಯ ಎಡವಟ್ಟು 'ಸಮಸ್ಯೆ' ಎಂಬ ಒಂಟಿ ಚೌಕದಲ್ಲಿದೆ. ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಬೆಳೆದ ಮಗುವಿಗೆ ಪುಣ್ಯಕೋಟಿಯನ್ನು ಪರಿಚಯಿಸಬೇಕಾಗಿಲ್ಲ. ಅದರ ಸಮಸ್ಯೆ ಏನು? 'ಹುಲಿ' ಎಂದು ಬರೆದರೆ ಪೂರ್ತಿ ಅಂಕ. ಆದರೆ ಆ ಹುಲಿ ಅರ್ಬುತನ ಸಮಸ್ಯೆ ಹಸಿವು. ಕರುವಿನ ಸಮಸ್ಯೆ, ಹಾಲು ಕುಡಿಸಿ ಹೊರಟುಹೋಗುತ್ತಿರುವ ಅಮ್ಮ. ಪುಣ್ಯಕೋಟಿಗೆ ಒಂದು ಕಡೆ ಕರು, ಇನ್ನೊಂದು ಕಡೆ ಕೊಟ್ಟ ಮಾತು. ಇನ್ನು ಪರಿಹಾರ? ಹಸಿದ ಹುಲಿ ಹಾರಿ ನೆಗೆದು ಪ್ರಾಣ ಬಿಡುತ್ತದೆ. ಇದನ್ನು ಪರಿಹಾರ ಎಂದು ಬರೆಯಲು ಯಾವ ಮಗುವಿಗೆ ಕೈ ಬಂದೀತು? 'ಹುಲಿ ಪಾಪ ಅಲ್ವಾ' ಎನ್ನುವ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ. ಆ ಕಥೆ ಇಷ್ಟು ಕಾಲ ಬಾಳಿದ್ದರ ಗುಟ್ಟು ಆ ಮಗುವಿನ ಮಾತಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. 'ಸಮಸ್ಯೆ ಏನು' ಎಂದು ಕೇಳುವ ಬದಲು 'ಯಾರ ಸಮಸ್ಯೆ' ಎಂದು ಕೇಳಿದರೆ ಸಾಕು, ಒಂದು ಚೌಕ ಮೂರಾಗಿ ಒಡೆಯುತ್ತದೆ.

ಮೂರನೆಯದು ನೀತಿ. ನಮ್ಮ ಚಾರ್ಟುಗಳಲ್ಲಿ ಅದು ಬಾಲದಂತೆ ಕೊನೆಗೆ ಅಂಟಿಕೊಂಡಿರುತ್ತದೆ. ಕಥೆಯಿಂದ ನೀತಿ ಕಲಿಸುವುದಕ್ಕೇ ಹೆಸರಾದ ಪಂಚತಂತ್ರವನ್ನು ನೋಡಿ. 11ನೇ ಶತಮಾನದಲ್ಲೇ ದುರ್ಗಸಿಂಹ ಅದನ್ನು ವಸುಭಾಗಭಟ್ಟನ ಪರಂಪರೆಯಿಂದ ಕನ್ನಡಕ್ಕೆ ತಂದ. ಪಂಚತಂತ್ರದ ಕ್ರಮವೇ ಬೇರೆ. ಒಂದು ಪಾತ್ರ ಮೊದಲು ನೀತಿಯ ಮಾತನ್ನು ಆಡಿ, ಇಂಥವನಿಗೆ ಆದ ಗತಿಯೇ ಆದೀತು ಎಂದು ಅರ್ಧಕ್ಕೆ ನಿಲ್ಲಿಸುತ್ತದೆ. ಕೇಳುತ್ತಿದ್ದ ಇನ್ನೊಂದು ಪಾತ್ರ 'ಅದು ಹೇಗೆ?' ಎನ್ನುತ್ತದೆ. ಕಥೆ ಶುರುವಾಗುವುದು ಆಗಲೇ. ಅಲ್ಲಿ ಪ್ರಶ್ನೆ ಕೇಳುವುದು ಕಥೆ ಕೇಳುವವರು. ನಮ್ಮ ತರಗತಿಯಲ್ಲಿ ಕಥೆ ಹೇಳಿದವರು. ದಡ್ಡರೆನಿಸಿಕೊಂಡ ರಾಜಕುಮಾರರು ಪಂಚತಂತ್ರದ ಕಥೆ ಕೇಳಿ ಬುದ್ಧಿವಂತರಾದದ್ದಕ್ಕೂ ಈ ಕ್ರಮಕ್ಕೂ ನಂಟಿದ್ದರೆ ಆಶ್ಚರ್ಯವಿಲ್ಲ.

ಹಳೆಯ ಪಾಠಪುಸ್ತಕಗಳ 'ಈ ಮಾತನ್ನು ಯಾರು ಯಾರಿಗೆ ಹೇಳಿದರು?' ಎಂಬ ಪ್ರಶ್ನೆಯನ್ನು ನಾವೆಲ್ಲ ಗೇಲಿ ಮಾಡಿದ್ದೇವೆ. ಈಗ ನೋಡಿದರೆ ಐದು ಚೌಕಗಳಿಗಿಂತ ಅದರಲ್ಲೇ ಹೆಚ್ಚು ಜೀವವಿದೆ. ಆಡಿದವರು, ಕೇಳಿದವರು, ಅವರ ನಡುವೆ ಒಂದು ಮಾತು: ಕಥೆಯ ನಾಡಿ ಸಿಗುವುದು ಅಲ್ಲೇ. 'ಯಾಕೆ ಹೇಳಿದರು, ಹೇಳದೆ ಉಳಿಸಿಕೊಂಡದ್ದು ಏನು' ಎಂದು ಸೇರಿಸಿದ್ದರೆ ಗುಬ್ಬಿಯ ಮನಸ್ಸನ್ನು ಹಿಡಿದ ಹುಡುಗ ಅಂದೇ ಗೆಲ್ಲುತ್ತಿದ್ದ.

ಚೌಕಗಳಲ್ಲಿ ಇಲ್ಲದೇ ಇರುವುದೂ ಒಂದಿದೆ. ನಮ್ಮ ಮನೆಗಳಲ್ಲಿ ಕಥೆ ಕೇಳುವುದಕ್ಕೆ ಒಂದು ಷರತ್ತಿತ್ತು: ಹೂಂಗುಟ್ಟಬೇಕು. ಕತ್ತಲಲ್ಲಿ ಮಲಗಿ 'ಹ್ಞೂಂ' ಎನ್ನುತ್ತಿದ್ದರೆ ಅಜ್ಜಿ ಮುಂದುವರಿಸುವಳು. ನಿಲ್ಲಿಸಿದರೆ ನಿದ್ದೆ ಬಂತೆಂದು ಕಥೆಯನ್ನು ಅಲ್ಲಿಗೇ ಬಿಡುವಳು. ಹ್ಞೂಂ ಜೋರಾದರೆ ಹುಲಿ ಇನ್ನಷ್ಟು ಹತ್ತಿರ ಬರುತ್ತಿತ್ತು, ಮೆತ್ತಗಾದರೆ ಬೇಗ ಮನೆ ಸೇರುತ್ತಿತ್ತು. ಬಾಗಿಲು ಬಡಿಯುವ ಮೂರು ಸಲದ ಪುನರಾವರ್ತನೆ, ಗುಬ್ಬಿಗೊಂದು ದನಿ, ಕಾಗೆಗೊಂದು ದನಿ, ಕೇಳುವವರ ಹ್ಞೂಂ, ಇವೆಲ್ಲ ಕಥೆಯ ಅಂಶಗಳೇ. ಮುದ್ರಿತ ಪುಟಕ್ಕಾಗಿ ಹುಟ್ಟಿದ ಚಾರ್ಟಿಗೆ ಇವು ಕಾಣುವುದಿಲ್ಲ. ಆ ದಿನ ಮಕ್ಕಳು ನೆಲ ಬಡಿದದ್ದೇ ಅವರ ಹ್ಞೂಂ. ಅದಕ್ಕೊಂದು ಚೌಕವಿರಲಿಲ್ಲ.

ಹಾಗಾದರೆ ಹೇಗೆ ಕಲಿಸುವುದು? ಗುಜರಾತಿನ ಗಿಜುಭಾಯಿ ಬಧೇಕಾ 1932ರ 'ದಿವಾಸ್ವಪ್ನ'ದಲ್ಲಿ ಗದ್ದಲದ ತರಗತಿಯನ್ನು ಹತೋಟಿಗೆ ತಂದದ್ದು ಕಥೆಯಿಂದ. ಆ ಪುಸ್ತಕದ ಶಿಕ್ಷಕ ಕಥೆ ಹೇಳಿ ಮುಗಿಸಿ ಪ್ರಶ್ನೆಪತ್ರಿಕೆ ತೆಗೆಯುವುದಿಲ್ಲ. ಮರುದಿನವೂ ಕಥೆಯನ್ನೇ ಹೇಳುತ್ತಾನೆ. ಹೊಟ್ಟೆ ತುಂಬ ಕೇಳಿದವರು ಮಾತ್ರ ಹೇಳಬಲ್ಲರು ಎಂಬುದು ಸರಳ ಲೆಕ್ಕ. ಕೇಳಿ ಹೇಳುವ ಹಂತದಲ್ಲಿ ಅಂಶಗಳನ್ನು ಕಲಿಸಲು ನಾನು ಕಂಡ ಒಳ್ಳೆಯ ದಾರಿಯೆಂದರೆ ಒಂದನ್ನು ಕಿತ್ತು ನೋಡುವುದು. ಉಪ್ಪಿನ ಬೆಲೆ ಗೊತ್ತಾಗುವುದು ಉಪ್ಪಿಲ್ಲದ ಸಾರಿನಲ್ಲಿ. ಇನ್ನೊಂದು ಶಾಲೆಯ ಮೇಷ್ಟ್ರು ಇದೇ ಕಥೆ ಹೇಳಿ, "ಕಾಗೆ ಮನೇನೂ ಕಲ್ಲಿಂದೇ ಆಗಿದ್ರೆ?" ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು, "ಸಾರ್, ಆಗ ಕಥೇನೇ ಇಲ್ಲ," ಎಂದಳು. "ಬೇಸಿಗೇಲಿ ನಡೆದಿದ್ರೆ?" ಎಂದರು. "ಸಗಣಿ ಮನೆ ಗಟ್ಟಿ ಆಗ್ತಿತ್ತು, ಕಲ್ಲಿನ ಮನೆ ಕಾದು ಗುಬ್ಬೀನೇ ಕಾಗೆ ಮನೆಗೆ ಬರ್ತಿತ್ತು!" ಎಂದ ಇನ್ನೊಬ್ಬ. ಹೊತ್ತು ಬದಲಾದರೆ ಸಮಸ್ಯೆ ಬದಲಾಗುತ್ತದೆ, ಸಮಸ್ಯೆ ಬದಲಾದರೆ ಬಾಗಿಲು ಬಡಿಯುವವರೇ ಬದಲಾಗುತ್ತಾರೆ ಎಂಬುದನ್ನು ಆ ಹುಡುಗ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದ. ಸನ್ನಿವೇಶ, ಸಂಘರ್ಷ ಎಂಬ ಪದಗಳು ಅಲ್ಲಿ ಸುಳಿಯಲೇ ಇಲ್ಲ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಅಂಗಳವೂ ಸಿದ್ಧವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿತು. ಅದರ ಕಲಿಕಾ ಏಣಿಯಲ್ಲಿ ಕಥೆಯೂ ದಾಟಿ ಮುಗಿಸಬೇಕಾದ ಮೆಟ್ಟಿಲಾಗಿಬಿಡುವ ಅಪಾಯ ಇದ್ದೇ ಇದೆ. ಆದರೆ ದೊಡ್ಡವರೂ ಚಿಕ್ಕವರೂ ಒಂದೇ ಕೊಠಡಿಯಲ್ಲಿರುವುದರಿಂದ ಹೇಳುವವರಿಗೆ ಕೇಳುವವರು ಕೈಯಳತೆಯಲ್ಲೇ ಇರುತ್ತಾರೆ. ಮೂರನೆಯವನು ಒಂದನೆಯವಳಿಗೆ ಕಥೆ ಹೇಳಿದರೆ, ಅವಳು ಹೂಂಗುಟ್ಟಿದರೆ, ಅದಕ್ಕಿಂತ ನಂಬಬಹುದಾದ ಮೌಲ್ಯಮಾಪನ ಇನ್ನೊಂದಿಲ್ಲ. 'ಯಾರು' ಬಿಟ್ಟುಹೋದರೆ ಅವಳೇ ಕೇಳುತ್ತಾಳೆ. 'ಯಾಕೆ' ಬಿಟ್ಟುಹೋದರೆ ಎದ್ದು ಹೋಗುತ್ತಾಳೆ.

ಹೇಳದೆ ಇಟ್ಟುಕೊಂಡ ಕಥೆ ಸುಮ್ಮನಿರುವುದಿಲ್ಲ ಎಂಬ ನಂಬಿಕೆ ನಮ್ಮ ಜನಪದರದು. ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ ಒಂದು ಕಥೆಯಲ್ಲಿ ಹೆಂಗಸೊಬ್ಬಳು ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿರುತ್ತಾಳೆ. ಉಸಿರುಗಟ್ಟಿದ ಅವು ಹೊರಬಿದ್ದು ಚಪ್ಪಲಿಯಾಗಿ, ಕೋಟಾಗಿ ಅವಳ ಸಂಸಾರದಲ್ಲಿ ಜಗಳ ತರುತ್ತವೆ. ಗಿರೀಶ ಕಾರ್ನಾಡರು 'ನಾಗಮಂಡಲ'ದ ಆರಂಭದಲ್ಲಿ ಇದನ್ನೇ ಹೆಣೆದು, ಕೇಳಿದವನು ಮುಂದಕ್ಕೆ ಹೇಳಲೇಬೇಕೆಂಬ ಕರಾರನ್ನೂ ಸೇರಿಸಿದರು.

ಆ ಮೊದಲ ಶಾಲೆಯಲ್ಲಿ ಅಂದು ಮಧ್ಯಾಹ್ನ ಬಿಸಿಯೂಟದ ಸಾಲು ನಿಂತಿತ್ತು. ತಟ್ಟೆ ಹಿಡಿದ ಆ ಹುಡುಗ ಮುಂದೆ ನಿಂತಿದ್ದ ಪುಟ್ಟ ಹುಡುಗಿಗೆ ಕಾಗೆಯ ಕಥೆ ಹೇಳುತ್ತಿದ್ದ. ಅವನ ಗುಬ್ಬಿ ನೀರು ಹಾಕಿತು, ಊಟ ಮಾಡಿಸಿತು, ಮಲಗಿಸಿತು. ಸಾಲು ಇನ್ನೂ ಉದ್ದವಿತ್ತು. ಗುಬ್ಬಿ ಧಾರಾವಾಹಿ ನೋಡತೊಡಗಿತು, ಮೊಬೈಲ್ ಚಾರ್ಜಿಗೆ ಹಾಕಿತು. ಪ್ರತಿ ನೆಪಕ್ಕೂ ಅವನು ತಟ್ಟೆಯನ್ನು ಮೂರು ಸಲ ಬಡಿಯುತ್ತಿದ್ದ. ಹಿಂದಕ್ಕೆ ತಿರುಗಿ ನಿಂತಿದ್ದ ಹುಡುಗಿ, ಸಾಲು ಮುಂದೆ ಹೋದದ್ದೂ ಗೊತ್ತಾಗದೆ, "ಹ್ಞೂಂ" ಎಂದಳು.